ಕಿಯಾಕ್ ಹಾಡು ಯೂಟ್ಯೂಬಿಗೆ ಬಂದರೆ ನಷ್ಟ ಯಾರಿಗೆ?

ಮಂದ್ರಸ್ಥಾಯಿ: ಈಜಿಪ್ಟಿನ ಕಾಪ್ಟಿಕ್ ಕ್ರೈಸ್ತರಿಗೆ ಕ್ರಿಸ್‌ಮಸ್ ಬರುವುದು ಜನವರಿ 7ಕ್ಕೆ. ಅದಕ್ಕೆ ಮುಂಚಿನ ಕಿಯಾಕ್ ತಿಂಗಳಲ್ಲಿ ಶನಿವಾರ ರಾತ್ರಿ ಚರ್ಚಿನಲ್ಲಿ ಕೂತರೆ ಭಾನುವಾರ ಬೆಳಗಿನ ಜಾವದವರೆಗೂ ಹಾಡು. ಅದಕ್ಕೆ ‘ಏಳು ಮತ್ತು ನಾಲ್ಕು’ ಅಂತಲೇ ಹೆಸರು. ಮಾತೆ ಮರಿಯಳ ಏಳು ಸ್ತುತಿ, ಜೊತೆಗೆ ನಾಲ್ಕು ಸ್ತೋತ್ರಗೀತೆ. ಪಕ್ಕವಾದ್ಯ ಅಂದರೆ ತಾಳ, ಟ್ರಯಾಂಗಲ್, ಅಷ್ಟೇ. ಈಗ ಇದೆಲ್ಲ ಯೂಟ್ಯೂಬಿನಲ್ಲಿ ರಾಶಿ ಬಿದ್ದಿದೆ. ರಾತ್ರಿಯಿಡೀ ಕೇಳಿದೆ. ಆಮೇಲೆ ಒಂದು ಅನುಮಾನ ಹತ್ತಿಕೊಂಡಿತು. ಕಿವಿಯಿಂದ ಕಿವಿಗೆ ಬಂದದ್ದು ಹೀಗೆ ಫೈಲಾಗಿ ಹರಡಿದರೆ ಎಲ್ಲರೂ ಒಬ್ಬನೇ ಗಾಯಕನ ಹಾಗೆ ಹಾಡಲು ಶುರು ಮಾಡಲ್ವಾ?

ಹಳೇ ಪ್ಲೇಟು: ಈ ಗಾಬರಿ ನೂರು ವರ್ಷ ತಡವಾಯ್ತು ಸಾರ್. 1920ರ ದಶಕದಲ್ಲೇ ರಾಗೆಬ್ ಮೊಫ್ತಾ ಅನ್ನೋ ಕಾಪ್ಟಿಕ್ ಸಂಗೀತ ವಿದ್ವಾಂಸರು ಇಂಗ್ಲೆಂಡಿನಿಂದ ಸಂಗೀತಗಾರ ಅರ್ನೆಸ್ಟ್ ನ್ಯೂಲ್ಯಾಂಡ್‌ಸ್ಮಿತ್ ಅವರನ್ನು ಕರೆಸಿ, ಮಿಖಾಯಿಲ್ ಅಲ್-ಬತಾನೂನಿ ಎಂಬ ಕಣ್ಣು ಕಾಣದ ಗಾಯಕರು ಹಾಡಿದ ಚರ್ಚಿನ ಹಾಡುಗಳನ್ನು ಸ್ವರಲಿಪಿಯಲ್ಲಿ ಬರೆಸಿದರು. ಮೊಫ್ತಾ ಸಂಗ್ರಹ ಇವತ್ತು ಅಮೆರಿಕದ ಲೈಬ್ರರಿ ಆಫ್ ಕಾಂಗ್ರೆಸ್‌ನಲ್ಲಿದೆ. ಅವರು ಕೈಕಟ್ಟಿ ಕೂತಿದ್ದರೆ ನಮಗೆ ಕೇಳೋಕೆ ಎಷ್ಟು ಉಳಿದಿರ್ತಿತ್ತು?

ಮಂದ್ರಸ್ಥಾಯಿ: ನನ್ನ ಸಂಕಟವೂ ಅದೇ. ಒಬ್ಬರ ಪಾಠಾಂತರ ಉಳಿಯಿತು. ಊರೂರಿನ ಮಿಕ್ಕವು?

ಅರೆಬರೆ ಶಿಷ್ಯ: ಒಂದೇ ಸ್ವರಾಕ್ಷರವನ್ನು ನಿಮಿಷಗಟ್ಟಲೆ ಎಳೆಯುವ ಸಂಗೀತ ಅದು. ಉಸಿರು ಎಲ್ಲಿ ಕದಿಯಬೇಕು ಅನ್ನೋದನ್ನ ಎದುರಿಗೆ ಕೂತವರು ತೋರಿಸಬೇಕು. ರೆಕಾರ್ಡಿಂಗ್ ಹಾಡುತ್ತೆ, ನಾವು ತಪ್ಪಿದಾಗ ತಡೆಯಲ್ಲ. ಇಂಟರ್ನೆಟ್ಟಿನಲ್ಲಿ ಕಲಿತ ವರ್ಣವನ್ನು ಮೇಷ್ಟ್ರ ಮುಂದೆ ಹಾಡಿ ಮಾನ ಕಳ್ಕೊಂಡವನು ನಾನು, ಹಾಗಾಗಿ ಹೇಳ್ತಿದ್ದೀನಿ.

ದೂರದ ಕಿವಿ: ಮೇಷ್ಟ್ರು ಸಿಕ್ಕವರ ಮಾತು ಇದು! ಅಮೆರಿಕದಲ್ಲೋ ಆಸ್ಟ್ರೇಲಿಯಾದಲ್ಲೋ ಹುಟ್ಟಿದ ಕಾಪ್ಟಿಕ್ ಹುಡುಗನಿಗೆ ಹಳೇ ಕಾಲದ ಮುಅಲ್ಲಿಮ್, ಅಂದರೆ ಹಾಡು ಕಲಿಸೋ ಗುರು, ಎಲ್ಲಿಂದ ಸಿಗಬೇಕು? ಕಾಪ್ಟಿಕ್ ಭಾಷೆ ಮನೆಮಾತಾಗಿ ನಿಂತುಹೋಗಿಯೇ ಶತಮಾನಗಳಾದವು. ಕಿಯಾಕ್‌ನ ‘ಮದೀಹ’ಗಳು, ಅಂದರೆ ಸ್ತುತಿಗೀತೆಗಳು, ಈಜಿಪ್ಟಿನಲ್ಲೇ ಅರಬ್ಬಿಯಲ್ಲಿವೆ, ಹೊರದೇಶದವರು ಹಳೇ ಧಾಟಿಗೆ ಇಂಗ್ಲಿಷ್ ಸಾಲು ಕೂರಿಸ್ತಾರೆ. ಬದಲಾಗುತ್ತಲೇ ಬಂದದ್ದನ್ನು ಮೊಬೈಲು ಕೆಡಿಸಿಬಿಡುತ್ತೆ ಅಂದರೆ ಹೇಗೆ?

ಕದ ಹಾಕಿ: ನೀವೆಲ್ಲ ರಾಗದಲ್ಲೇ ಮುಳುಗಿದ್ದೀರಿ. 2016ರ ಡಿಸೆಂಬರ್ 11, ಕಿಯಾಕ್ ತಿಂಗಳ ಭಾನುವಾರ. ಕೈರೋದ ಸೇಂಟ್ ಪೀಟರ್ ಮತ್ತು ಸೇಂಟ್ ಪಾಲ್ ಚರ್ಚಿನಲ್ಲಿ ಪ್ರಾರ್ಥನೆ ನಡೆಯುವಾಗಲೇ ಬಾಂಬ್ ಸಿಡಿಯಿತು. ಸತ್ತವರಲ್ಲಿ ಹೆಚ್ಚಿನವರು ಹೆಂಗಸರು, ಮಕ್ಕಳು. ಅಂಥ ಸಮುದಾಯದ ಹುಡುಗರ ಮುಖ, ಚರ್ಚಿನ ಹೆಸರು, ಹೊತ್ತು ಎಲ್ಲ ಸೇರಿಸಿ ಲೈವ್ ಬಿಡುವುದು, ಅದನ್ನು ನಾವು ಇಲ್ಲಿಂದ ಶೇರ್ ಮಾಡುವುದು, ನನಗಂತೂ ಸರಿ ಕಾಣಲ್ಲ.

ಹಳೇ ಪ್ಲೇಟು: ಚರ್ಚ್ ಎಲ್ಲಿದೆ ಅಂತ ಕೊಲ್ಲಲು ಬರುವವನಿಗೆ ಯೂಟ್ಯೂಬ್ ಹೇಳಿಕೊಡಬೇಕಿಲ್ಲ. ಜನವರಿ 7 ಇಡೀ ದೇಶಕ್ಕೆ ರಜೆಯಾಗಿದ್ದೇ 2003ರಿಂದ. ನಾಲ್ಕು ಜನರ ಕಣ್ಣಿಗೆ ಬೀಳೋದೂ ಅವರಿಗೆ ಬೇಕಲ್ವಾ?

ಕದ ಹಾಕಿ: ಬೇಕೋ ಬೇಡವೋ ಅವರು ಹೇಳಲಿ, ನೀವಲ್ಲ.

ದೂರದ ಕಿವಿ: ಅಪ್‌ಲೋಡ್ ಮಾಡ್ತಿರೋರು ಅವರೇ ಕಣ್ರೀ.

ಕದ ಹಾಕಿ: ದೊಡ್ಡವರು ಮಾಡ್ತಾರೆ. ಮುಂದಿನ ಸಾಲಲ್ಲಿ ತೂಕಡಿಸ್ತಾ ತಾಳ ಹಾಕೋ ಹತ್ತು ವರ್ಷದ ಹುಡುಗನನ್ನು ಯಾರಾದ್ರೂ ಕೇಳಿದ್ರಾ?

ಮಂದ್ರಸ್ಥಾಯಿ: ಈ ಮಾತು ಒಪ್ಪಿದೆ. ಮೇಲೆ ಹಾಕಿದ್ದ ವಿಡಿಯೊ ಕೊಂಡಿ ತೆಗೆದೆ, ಬರೀ ಆಡಿಯೊ ಇರುವುದು ಸಿಕ್ಕರೆ ಹಾಕುತ್ತೇನೆ. ಆದರೆ ಹಾಡಿದವರು ಯಾವ ಊರಿನವರು, ಯಾರ ಹತ್ತಿರ ಕಲಿತರು ಅನ್ನೋದನ್ನು ಜೊತೆಗೆ ಬರೆದಿಟ್ಟರೆ ಪಾಠಾಂತರದ ಎಳೆಯಾದರೂ ಸಿಗುತ್ತಿತ್ತು.

ಅರೆಬರೆ ಶಿಷ್ಯ: ಅಯ್ಯೋ, ಹಾಡಿನ ಹೆಸರನ್ನೇ ನೆಟ್ಟಗೆ ಬರೆಯಲ್ಲ ಗುರುವೇ. ನಾನು ಮೂರು ವಾರದಿಂದ ಹುಡುಕುತ್ತಿದ್ದ ಹಾಡು ‘ಕಿಯಾಕ್ ಲೈವ್ ಭಾಗ 3’ ಅನ್ನೋದರಲ್ಲಿ ಎರಡನೇ ಗಂಟೆಯ ಹೊತ್ತಿಗೆ ಸಿಕ್ಕಿತು. ಅದರಲ್ಲೂ ಮೈಕಿನ ಪಕ್ಕದಲ್ಲೇ ಯಾರೋ ಕೆಮ್ಮುತ್ತಿದ್ದಾರೆ.