ಕಾಲಿನ ಶಸ್ತ್ರಚಿಕಿತ್ಸೆಯಾದ ಮುಧೋಳ ನಾಯಿಗೆ ಮಲಗಿದಲ್ಲೇ ಆಡಿಸುವ ಆಟಗಳು ಯಾವುವು?

ಪ್ರಶ್ನೆ: ಸಾಧನಕೇರಿಯವರು, ಧಾರವಾಡ

ಎಲ್ಲರಿಗೂ ನಮಸ್ಕಾರ. ನಮ್ಮ ಮನೆಯಲ್ಲಿ ಎರಡೂವರೆ ವರ್ಷದ ಮುಧೋಳ ತಳಿಯ ಹೆಣ್ಣುನಾಯಿಯಿದೆ, ಹೆಸರು ಚಂಪಿ. 16 ದಿನಗಳ ಹಿಂದೆ ಬೈಕ್ ಬಡಿದು ಅದರ ಹಿಂಗಾಲಿನ ತೊಡೆಯ ಎಲುಬು ಮುರಿಯಿತು. ಪ್ಲೇಟು ಮತ್ತು ಸ್ಕ್ರೂ ಹಾಕಿ ಎಲುಬನ್ನು ಕೂಡಿಸಿದ್ದಾರೆ. ಹೊಲಿಗೆಯನ್ನು ಮೊನ್ನೆ ತೆಗೆದರು, ಗಾಯ ಒಣಗಿದೆ. ಆದರೆ 8 ವಾರಗಳ ನಂತರ ಎಕ್ಸ್‌ರೇ ತೆಗೆದು ನೋಡುವವರೆಗೆ ಓಟ, ಜಿಗಿತ, ಮೆಟ್ಟಿಲು ಯಾವುದೂ ಕೂಡದೆಂದೂ, ಮಲಮೂತ್ರಕ್ಕೆ ಮಾತ್ರ ಬೆಲ್ಟ್ ಹಿಡಿದು ಹಿತ್ತಲಿಗೆ ಕರೆದೊಯ್ಯಬೇಕೆಂದೂ ವೈದ್ಯರು ಹೇಳಿದ್ದಾರೆ.

ಮೊದಲ ವಾರ ನೋವು ಮತ್ತು ಔಷಧಿಯ ಮಂಪರಿನಲ್ಲಿ ಅದು ಸುಮ್ಮನಿತ್ತು. ಈಗ ತನಗೆ ಎಲ್ಲವೂ ವಾಸಿಯಾಯಿತೆಂದು ಅದು ನಂಬಿಬಿಟ್ಟಿದೆ. ದಿನಾ ಬೆಳಿಗ್ಗೆ ಮೈದಾನದಲ್ಲಿ ಗಾಳಿಯಂತೆ ಓಡುತ್ತಿದ್ದ ಪ್ರಾಣಿಯನ್ನು ಪಡಸಾಲೆಯ ಮೂಲೆಯಲ್ಲಿ ಹಲಗೆ ಅಡ್ಡ ಇಟ್ಟು ಕೂರಿಸಿದರೆ ಅದು ಹಾಸಿಗೆಯನ್ನು ಹರಿಯುತ್ತದೆ, ಸಂಜೆಯಾದೊಡನೆ ಒಂದೇ ಸಮನೆ ಕುಂಯ್‌ಗುಡುತ್ತದೆ. ಹೊತ್ತು ಹೋಗಲೆಂದು ನನ್ನ ಮಗ ಅದರ ಹಾಸಿಗೆಯನ್ನು ಕಿಟಕಿಯ ಪಕ್ಕಕ್ಕೆ ಸರಿಸಿದ. ಎರಡನೆಯ ದಿನವೇ ಕಂಪೌಂಡ್ ಮೇಲೆ ಬೆಕ್ಕೊಂದು ನಡೆದುಹೋದಾಗ ಅದು ಎರಡೇ ಕಾಲ ಮೇಲೆ ಎದ್ದುನಿಂತಿತು, ನಮಗೆ ಜೀವವೇ ಹೋದಂತಾಯಿತು.

ಕೈ ಕೊಡುವುದು, ಉರುಳುವುದು, ಗಿರಕಿ ಹೊಡೆಯುವುದು ಇವೆಲ್ಲಕ್ಕೂ ಎದ್ದು ಕೂರಬೇಕು ಇಲ್ಲವೇ ಹೊರಳಬೇಕು. ಮೈ ಅಲುಗಿಸದೆ ಬುದ್ಧಿಗೆ ಮಾತ್ರ ದಣಿವಾಗುವಂಥ ಆಟಗಳಿದ್ದರೆ ದಯವಿಟ್ಟು ತಿಳಿಸಿ. ಓಟವಿಲ್ಲದ ಈ ದಿನಗಳಲ್ಲಿ ಪ್ರತಿ ಆಟಕ್ಕೂ ತಿನಿಸು ಕೊಟ್ಟರೆ ಅದು ದಪ್ಪಗಾಗುವುದಿಲ್ಲವೇ ಎಂಬ ಅನುಮಾನವೂ ಇದೆ.

ಉತ್ತರ 1: ಕೇಶ್ವಾಪುರದವರು, ಹುಬ್ಬಳ್ಳಿ

ಮೇಡಂ, ಕಿಟಕಿಯಿಂದಲೇ ಆರಂಭಿಸುತ್ತೇನೆ. ಉಳಿದ ತಳಿಗಳಿಗೆ ಕಿಟಕಿಯ ಬಳಿ ಕೂರಿಸುವುದು ಒಳ್ಳೆಯ ಕಾಲಕ್ಷೇಪ. ಮುಧೋಳವಾದರೋ ಕಣ್ಣಿನಿಂದ ಬೇಟೆಯಾಡುವ ನಾಯಿ. ದೂರದಲ್ಲಿ ಏನಾದರೂ ಓಡಿದ್ದು ಕಂಡರೆ ಯೋಚಿಸುವ ಮೊದಲೇ ಅದರ ಕಾಲು ಚಿಮ್ಮುತ್ತದೆ. ಆದ್ದರಿಂದ ಕಿಟಕಿಯ ಕೆಳಗಿನ ಅರ್ಧಕ್ಕೆ ದಪ್ಪ ಬಟ್ಟೆ ಕಟ್ಟಿ, ಕಣ್ಣಿಗೆ ವಿಶ್ರಾಂತಿ ಕೊಟ್ಟು, ಕೆಲಸವನ್ನೆಲ್ಲ ಮೂಗಿಗೆ ವಹಿಸಿ. ಮನುಷ್ಯನ ಮೂಗಿನಲ್ಲಿ ಸುಮಾರು 50–60 ಲಕ್ಷ ಘ್ರಾಣಗ್ರಾಹಕಗಳಿದ್ದರೆ ನಾಯಿಯ ಮೂಗಿನಲ್ಲಿ ತಳಿಗನುಗುಣವಾಗಿ 10 ಕೋಟಿಯಿಂದ 30 ಕೋಟಿಯವರೆಗೆ ಇರುತ್ತವೆ. ಹತ್ತು ನಿಮಿಷ ಮೂಸಿ ಹುಡುಕಿದ ನಾಯಿ ಒಳ್ಳೆಯ ನಡಿಗೆ ಮುಗಿಸಿ ಬಂದಂತೆ ಮಲಗುವುದನ್ನು ನಾನು ನಮ್ಮ ಮನೆಯಲ್ಲಿ ಎರಡು ಸಲ ಕಂಡಿದ್ದೇನೆ, ಏಕೆಂದರೆ ನಮ್ಮ ನಾಯಿಗೆ ಎರಡೂ ಹಿಂಗಾಲಿನ ಮಂಡಿಗಳಿಗೆ ಒಂದು ವರ್ಷದ ಅಂತರದಲ್ಲಿ ಶಸ್ತ್ರಚಿಕಿತ್ಸೆಯಾಯಿತು.

ದುಬಾರಿ ಆಟಿಕೆಗಳು ಬೇಕಿಲ್ಲ. ಹಳೆಯ ಟವೆಲ್ಲನ್ನು ನೆಲದ ಮೇಲೆ ಹರಡಿ, ಉದ್ದಕ್ಕೂ ಊಟದ ಕಾಳುಗಳನ್ನು ಚೆಲ್ಲಿ, ಚಾಪೆ ಸುತ್ತಿದಂತೆ ಸುತ್ತಿ ಚಂಪಿಯ ಮುಂಗಾಲುಗಳ ನಡುವೆ ಇಡಿ. ಮಲಗಿದ ಭಂಗಿಯಲ್ಲೇ ಅದು ಮೂತಿಯಿಂದ ತಳ್ಳಿ ಟವೆಲ್ ಬಿಚ್ಚಲು ಕಲಿಯುತ್ತದೆ. ಅದು ಸಲೀಸಾದ ಮೇಲೆ ಟವೆಲ್ಲಿಗೆ ಸಡಿಲವಾದ ಒಂದು ಗಂಟು ಹಾಕಿ.

ನಮ್ಮಲ್ಲಿ ಎಲ್ಲಕ್ಕಿಂತ ಹೆಚ್ಚು ನಡೆದದ್ದು ಪಡ್ಡಿನ ಹಂಚು. ನನ್ನ ಹೆಂಡತಿ ಮೊದಲು ಒಪ್ಪಲಿಲ್ಲ, ಕೊನೆಗೆ ನಾಯಿಗೆಂದೇ ಬೇರೊಂದು ಹಂಚು ತಂದೆವು. ಹನ್ನೆರಡು ಕುಳಿಗಳಲ್ಲಿ ನಾಲ್ಕಕ್ಕೆ ಮಾತ್ರ ತಿನಿಸಿಟ್ಟು ಎಲ್ಲ ಕುಳಿಗಳನ್ನೂ ಮುಚ್ಚಿದರೆ, ಯಾವುದರಲ್ಲಿದೆ ಎಂದು ನಾಯಿ ಮೂಸಿಯೇ ತೀರ್ಮಾನಿಸಬೇಕಾಗುತ್ತದೆ. ಈ ಆಟದಲ್ಲಿ ಕುಳಿಗಳನ್ನು ಸಾಮಾನ್ಯವಾಗಿ ಟೆನಿಸ್ ಚೆಂಡಿನಿಂದ ಮುಚ್ಚುತ್ತಾರೆ. ಮುಧೋಳದ ಎದುರು ಚೆಂಡು ಉರುಳಿದರೆ ಏನಾಗುತ್ತದೆಂದು ನಿಮಗೇ ಗೊತ್ತು, ಹಾಗಾಗಿ ಹಳೆಯ ಹತ್ತಿ ಬಟ್ಟೆಯ ದೊಡ್ಡ ಉಂಡೆಗಳನ್ನು ಬಳಸಿ ಮತ್ತು ಅದು ಬಟ್ಟೆ ನುಂಗದಂತೆ ಪಕ್ಕದಲ್ಲೇ ಕುಳಿತಿರಿ.

ಹೊರಗೆ ಹೋಗಲಾಗದ ನಾಯಿಗೆ ಹೊರಗಿನ ವಾಸನೆಯನ್ನು ಮನೆಗೆ ತರಬಹುದು. ನಾನು ಉಣಕಲ್ ಕೆರೆಯ ಕಡೆ ವಾಕಿಂಗ್ ಹೋದಾಗ ಒಂದು ಬೇವಿನ ಎಲೆ, ತೊಗಟೆಯ ಚೂರು, ಪರಿಚಯದವರ ಕೊಟ್ಟಿಗೆಯಿಂದ ಒಂದು ಹಿಡಿ ಒಣ ಹುಲ್ಲು ಹೀಗೆ ದಿನಕ್ಕೊಂದು ವಸ್ತು ತಂದು ರಟ್ಟಿನ ಡಬ್ಬಿಯಲ್ಲಿಟ್ಟು ಮೂಸಲು ಕೊಡುತ್ತಿದ್ದೆ. ಕಣಗಿಲೆಯನ್ನು ಮಾತ್ರ ತರಲೇಬೇಡಿ, ಅದು ವಿಷ. ಬೀದಿನಾಯಿಗಳು ಮೂತ್ರ ಮಾಡುವ ಜಾಗದ ಹುಲ್ಲನ್ನೂ ತರಬಾರದು, ಮಳೆಗಾಲದಲ್ಲಂತೂ ಇಲಿಜ್ವರದ ಭಯವಿರುತ್ತದೆ.

ಉತ್ತರ 2: ಪಶು ಆಸ್ಪತ್ರೆಯ ನಿವೃತ್ತ ಸಿಬ್ಬಂದಿ, ಗದಗ

ಮೇಲಿನವರ ಸಲಹೆಗಳು ಸರಿಯಾಗಿವೆ. ತೂಕದ ಬಗ್ಗೆ ನಿಮ್ಮ ಅನುಮಾನವೂ ನ್ಯಾಯವಾದದ್ದೇ. ಆಟದ ತಿನಿಸು ಬೇರೆ, ಊಟ ಬೇರೆ ಎಂದು ಎಣಿಸಬೇಡಿ. ಬೆಳಿಗ್ಗೆಯೇ ಇಡೀ ದಿನದ ಆಹಾರವನ್ನು ಅಳೆದಿಟ್ಟು ಅದರಲ್ಲಿ ಅರ್ಧವನ್ನು ತಟ್ಟೆಯಲ್ಲೂ ಅರ್ಧವನ್ನು ಆಟದಲ್ಲೂ ಕೊಡಿ. ಅದರಾಚೆಗಿನ ತಿನಿಸು ದಿನದ ಒಟ್ಟು ಕ್ಯಾಲೊರಿಯ 10 ಶೇಕಡಾ ಮೀರಬಾರದು. ಉಪ್ಪು, ಎಣ್ಣೆ ಸೋಕದ ಬರಿಯ ಚುರಮುರಿ, ಸೌತೆಕಾಯಿಯ ಚೂರು, ಬೇಯಿಸಿದ ಗಜ್ಜರಿ ಇವು ಹಗುರ. ಅದೇ ಚುರಮುರಿ ಗಿರಮಿಟ್ ಆದೊಡನೆ ಅದರಲ್ಲಿ ಉಳ್ಳಾಗಡ್ಡಿ ಸೇರಿರುತ್ತದೆ, ಉಳ್ಳಾಗಡ್ಡಿ ನಾಯಿಯ ಕೆಂಪು ರಕ್ತಕಣಗಳನ್ನು ಒಡೆಯುತ್ತದೆ. ದ್ರಾಕ್ಷಿ, ಮನೂಕ, ಚಾಕೊಲೇಟ್ ಕೂಡದು. ನೋಡಲು ಬಂದ ನೆಂಟರು ಪೇಡೆ ಕೊಡುವುದನ್ನೂ ತಡೆಯಿರಿ.

ಇನ್ನು ಕಲಿಸುವ ವಿಷಯ. ನನ್ನ ಅಭಿಪ್ರಾಯದಲ್ಲಿ ಈ 8 ವಾರಗಳಲ್ಲಿ ಮೋಜಿನ ವಿದ್ಯೆಗಳಿಗಿಂತ, ನಾಳೆ ವೈದ್ಯರ ಟೇಬಲ್ಲಿನ ಮೇಲೆ ಉಪಯೋಗಕ್ಕೆ ಬರುವ ವಿದ್ಯೆಗಳನ್ನು ಕಲಿಸುವುದು ಮೇಲು. ಅವುಗಳಲ್ಲಿ ಮೊದಲನೆಯದು ಗದ್ದ ಇಡುವುದು. ಮಡಿಸಿದ ಟವೆಲ್ಲನ್ನು ಅದರ ಮುಂದಿಟ್ಟು, ತಿನಿಸನ್ನು ಮೂಗಿನ ಹತ್ತಿರ ಹಿಡಿದು ನಿಧಾನವಾಗಿ ಕೆಳಗಿಳಿಸಿ. ಗದ್ದ ಟವೆಲ್ಲಿಗೆ ತಾಗಿದ ಕ್ಷಣವೇ ಬಾಲ್ ಪೆನ್ನನ್ನು ಟಕ್ ಎನಿಸಿ ತಿನಿಸು ಕೊಡಿ. ಟಕ್ ಎಂದರೆ ಬಹುಮಾನ ಬಂತು ಎಂಬುದು ಅದಕ್ಕೆ ಎರಡು ಮೂರು ದಿನಗಳಲ್ಲಿ ತಿಳಿಯುತ್ತದೆ. ಬಳಿಕ ಗದ್ದ ಇಟ್ಟಿರುವ ಅವಧಿಯನ್ನು ಒಂದು ಸೆಕೆಂಡಿನಿಂದ ಹತ್ತು ಸೆಕೆಂಡಿಗೆ ಹಿಗ್ಗಿಸಿ, ಆ ಹತ್ತು ಸೆಕೆಂಡುಗಳಲ್ಲಿ ನಿಮ್ಮ ಇನ್ನೊಂದು ಕೈ ಅದರ ಕಿವಿ, ತುಟಿ, ಗಾಯದ ಸುತ್ತಲಿನ ಕೂದಲನ್ನು ಮುಟ್ಟಿ ಬರಲಿ. ಅದು ಗದ್ದ ಎತ್ತಿದರೆ ‘ಸಾಕು’ ಎಂದು ಹೇಳುತ್ತಿದೆಯೆಂದು ತಿಳಿದು ಕೈ ಹಿಂದೆಗೆದುಕೊಳ್ಳಿ. ತನ್ನ ಮಾತು ನಡೆಯುತ್ತದೆಂದು ತಿಳಿದ ನಾಯಿ ಹೆಚ್ಚು ಹೊತ್ತು ಸಹಕರಿಸುತ್ತದೆ.

ಅಂಗೈಗೆ ಮೂಗು ತಾಗಿಸುವುದು, ಎರಡು ಮುಷ್ಟಿಗಳಲ್ಲಿ ತಿನಿಸು ಯಾವುದರಲ್ಲಿದೆ ಎಂದು ಹೇಳುವುದು, ವಸ್ತುಗಳ ಹೆಸರು ಕಲಿಯುವುದು ಇವೂ ಮಲಗಿದಲ್ಲೇ ನಡೆಯುತ್ತವೆ. ಅಮೆರಿಕದಲ್ಲಿ ಚೇಸರ್ ಎಂಬ ಬಾರ್ಡರ್ ಕೋಲಿ ನಾಯಿ 1022 ಆಟಿಕೆಗಳ ಹೆಸರು ಕಲಿತಿತ್ತು. ನಿಮ್ಮ ಚಂಪಿ ‘ಹಗ್ಗ’ ಮತ್ತು ‘ಗೊಂಬೆ’ ಎರಡನ್ನು ಕಲಿತರೂ ಒಂದು ವಾರದ ಸಂಜೆಗಳು ಕಳೆಯುತ್ತವೆ.

ಕೂರು, ಏಳು ಎಂದು ಪದೇಪದೇ ಮಾಡಿಸಬೇಡಿ. ಹಗ್ಗ ಜಗ್ಗುವ ಆಟ ಬೇಡ, ಜಗ್ಗುವಾಗ ಭಾರವೆಲ್ಲ ಹಿಂಗಾಲಿಗೆ ಬೀಳುತ್ತದೆ. ಟೈಲ್ಸ್ ನೆಲವಿದ್ದರೆ ಹಿತ್ತಲಿನವರೆಗೂ ಜಮಖಾನೆ ಹಾಸಿ, ಆದರೆ ಅದರ ಕೆಳಗೆ ರಬ್ಬರ್ ಮ್ಯಾಟ್ ಇರಲಿ, ಇಲ್ಲದಿದ್ದರೆ ಜಮಖಾನೆಯೇ ಜಾರುತ್ತದೆ. ಅದು ಚಡಪಡಿಸುತ್ತದೆಂದು ನಿಮ್ಮ ಮನೆಯ ನೋವಿನ ಗುಳಿಗೆ ಕೊಡುವ ಯೋಚನೆಯನ್ನೂ ಮಾಡಬೇಡಿ, ಪ್ಯಾರಾಸಿಟಮಾಲ್ ಮತ್ತು ಐಬುಪ್ರೊಫೆನ್ ನಾಯಿಗಳ ಪ್ರಾಣಕ್ಕೇ ಎರವಾಗಬಲ್ಲವು. ತಡೆಯಲಾರದಷ್ಟು ಚಡಪಡಿಕೆಯಿದ್ದರೆ ಸಂಕೋಚಪಡದೆ ವೈದ್ಯರಿಗೆ ತಿಳಿಸಿ, ಮನಸ್ಸನ್ನು ಶಾಂತಗೊಳಿಸುವ ಔಷಧಿಗಳನ್ನು ಅವರೇ ಬರೆದುಕೊಡುತ್ತಾರೆ.

ಉತ್ತರ 3: ಬ್ಯಾಡಗಿಯಿಂದ

ನನ್ನದು ಸ್ವಲ್ಪ ಭಿನ್ನಾಭಿಪ್ರಾಯ. ನಮ್ಮ ನಾಯಿಗೆ ಹೊಟ್ಟೆಯ ಶಸ್ತ್ರಚಿಕಿತ್ಸೆಯಾದಾಗ ಉತ್ಸಾಹದಿಂದ ದಿನಕ್ಕೆ ಏಳೆಂಟು ಬಾರಿ ಇಂತಹ ಆಟ ಆಡಿಸಿ ಅದನ್ನು ಮತ್ತಷ್ಟು ಕೆರಳಿಸಿದೆವು. ತಿನಿಸು ಸಿಗದಿದ್ದಾಗ ಅದು ಡಬ್ಬಿಯನ್ನು ಬಡಿದು, ಬೊಗಳಿ, ಎದ್ದು ನಿಲ್ಲುತ್ತಿತ್ತು. ಐದು ನಿಮಿಷದಂತೆ ದಿನಕ್ಕೆ ಮೂರು ಬಾರಿ ಸಾಕು, ಮತ್ತು ಮೊದಲ ದಿನಗಳಲ್ಲಿ ಅದು ಗೆದ್ದೇ ಗೆಲ್ಲುವಷ್ಟು ಸುಲಭವಾಗಿರಲಿ. ಸಂಜೆಯ ಹೊತ್ತಿಗೆ ಹುಡುಕುವ ಆಟಕ್ಕಿಂತ ನೆಕ್ಕುವ ಆಟ ಒಳ್ಳೆಯದು. ಸಕ್ಕರೆ ಹಾಕದ ಮೊಸರನ್ನು ಅಗಲವಾದ ಸ್ಟೀಲ್ ತಟ್ಟೆಗೆ ಬಳಿದು ಫ್ರೀಜರಿನಲ್ಲಿಟ್ಟು ಕೊಟ್ಟರೆ ಅರ್ಧ ತಾಸು ಮೌನ. ಮೂಗಿನ ಆಟದ ಬಗ್ಗೆ ನಾನು ಹೆಚ್ಚು ಹೇಳಲಾರೆ, ಮೆಣಸಿನಕಾಯಿಯ ಸೀಸನ್ನಿನಲ್ಲಿ ನಮ್ಮ ಊರಿನಲ್ಲಿ ಮನುಷ್ಯರೇ ಸೀನುತ್ತಿರುತ್ತೇವೆ.

ಪ್ರಶ್ನೆ ಕೇಳಿದವರ ಮರುನುಡಿ, ಒಂಬತ್ತು ದಿನಗಳ ನಂತರ

ಎಲ್ಲರಿಗೂ ಧನ್ಯವಾದಗಳು. ಕಿಟಕಿಗೆ ಹಳೆಯ ಕೌದಿ ಕಟ್ಟಿದ್ದೇವೆ. ಟವೆಲ್ಲಿನ ಆಟವನ್ನು ಚಂಪಿ ಎರಡೇ ದಿನಗಳಲ್ಲಿ ಕಲಿತು ಮೂರನೆಯ ದಿನ ಟವೆಲ್ಲನ್ನೇ ಹರಿದದ್ದರಿಂದ ಈಗ ದಪ್ಪ ಗೋಣಿತಟ್ಟು ಬಳಸುತ್ತಿದ್ದೇವೆ. ಗದ್ದ ಇಡುವುದು ಆರು ಸೆಕೆಂಡಿನವರೆಗೆ ಬಂದಿದೆ, ಆದರೆ ಗಾಯದ ಕಡೆ ಕೈ ಹೋದೊಡನೆ ಗದ್ದ ಎತ್ತುತ್ತದೆ, ನಾವೂ ಕೈ ತೆಗೆಯುತ್ತೇವೆ. ಬಾಲ್ ಪೆನ್ನಿನದು ಒಂದು ತೊಂದರೆ: ಮಗ ಅಭ್ಯಾಸಕ್ಕೆ ಕುಳಿತು ಪೆನ್ನು ಒತ್ತಿದಾಗಲೆಲ್ಲ ಅದು ಪಡಸಾಲೆಯಿಂದ ತಿನಿಸು ಕೇಳುತ್ತದೆ. ಸಂಜೆ ಏಳಕ್ಕೆ ಮೊಸರಿನ ತಟ್ಟೆ ಕೊಡುತ್ತಿದ್ದೇವೆ. ನಿನ್ನೆ ಅದನ್ನು ನೆಕ್ಕುತ್ತಲೇ ತಟ್ಟೆಯ ಮೇಲೆ ತಲೆಯಿಟ್ಟು ನಿದ್ದೆ ಹೋಗಿತ್ತು.