‘ಕವಲು’, ‘ಬಳಗ’, ‘ಮನೆತನ’: ಜೀವಿಗಳ ನಂಟಸ್ತಿಕೆಗೆ ಯಾವ ಪದ?

ರಾಣೆಬೆನ್ನೂರು ತಾಲೂಕಿನ ಹೈಸ್ಕೂಲ್ ಮಕ್ಕಳಿಗಾಗಿ ಚಿಗರಿಯ ಬಗ್ಗೆ ಒಂದು ಗೋಡೆಪಟ ಬರೆಯುತ್ತಿದ್ದೇನೆ. ಇಲ್ಲಿಯ ಕೃಷ್ಣಮೃಗ ಅಭಯಾರಣ್ಯ 1974ರದ್ದು, ಆದರೆ ಊರ ಮಂದಿಯ ಬಾಯಲ್ಲಿ ಕೃಷ್ಣಮೃಗವೆಂದರೆ ಚಿಗರಿಯೇ. ಹುಬ್ಬಳ್ಳಿ-ಧಾರವಾಡದ ಬಿಆರ್‌ಟಿಎಸ್ ಬಸ್ಸಿಗೂ ಅದೇ ಹೆಸರು. ಆ ಪದದ ಬಗ್ಗೆ ತಕರಾರಿಲ್ಲ. ತೊಡಕು ಬಂದದ್ದು ಅದರ ನಂಟರನ್ನು ಹೆಸರಿಸುವಾಗ.

ಮಕ್ಕಳು ಚಿಗರಿ, ಚುಕ್ಕಿ ಜಿಂಕೆ ಎರಡನ್ನೂ ‘ಜಿಂಕೆ’ ಅಂದುಬಿಡುತ್ತಾರೆ. ಕೊಂಬನ್ನು ಹತ್ತಿರದಿಂದ ನೋಡಬೇಕು. ಗಂಡು ಚಿಗರಿಯ ಕೊಂಬು ಸುರುಳಿ ಸುತ್ತಿ ಮೇಲೇರುತ್ತದೆ, ಎಲ್ಲೂ ಕವಲೊಡೆಯುವುದಿಲ್ಲ. ಒಳಗೆ ಎಲುಬಿನ ತಿರುಳು, ಮೇಲೆ ಉಗುರಿನಲ್ಲಿರುವ ಕೆರಾಟಿನ್‌ನದೇ ಹೊದಿಕೆ. ಬದುಕಿರುವ ತನಕ ಉದುರುವುದಿಲ್ಲ. ಚುಕ್ಕಿ ಜಿಂಕೆಯದು ಕವಲುಗೊಂಬು, ಬರೀ ಎಲುಬು, ಉದುರಿ ಮತ್ತೆ ಮೊಳೆಯುತ್ತದೆ. ಚಿಗರಿ ಸೇರಿರುವುದು ಆಕಳು, ಆಡು, ಕುರಿಗಳಿರುವ ಬೋವಿಡೇ ಕುಟುಂಬಕ್ಕೆ. ಚುಕ್ಕಿ ಜಿಂಕೆ, ಕಡವೆಗಳದು ಸರ್ವಿಡೇ. 1758ರಲ್ಲಿ ಜೀವಿಗಳಿಗೆ ಶಾಸ್ತ್ರೀಯ ಹೆಸರಿಡುತ್ತಿದ್ದ ಸ್ವೀಡನ್ನಿನ ಲಿನೇಯಸ್ ಚಿಗರಿಯನ್ನು ಆಡಿನ ಜಾತಿಗೇ ಸೇರಿಸಿ ‘ಕಾಪ್ರ ಸರ್ವಿಕಾಪ್ರ’ ಎಂದಿದ್ದ. ಆಗಿನ್ನೂ ವಿಕಾಸವಾದ ಬಂದಿರಲಿಲ್ಲ, ಆದರೂ ಆಡಿನ ಕಡೆಗೆ ಅವನ ಕಣ್ಣು ಹೋಗಿತ್ತು.

ಈಗ ಪ್ರಶ್ನೆ. ಒಂದು ಪೂರ್ವಜ ಜೀವಿ ಮತ್ತು ಅದರಿಂದ ಹುಟ್ಟಿಬಂದ ಎಲ್ಲ ಜೀವಿಗಳು, ಒಂದನ್ನೂ ಬಿಡದೆ: ಇದು ಜೀವಶಾಸ್ತ್ರಜ್ಞರು ಹೇಳುವ ‘ಕ್ಲೇಡ್’. ಜರ್ಮನಿಯ ಕೀಟಶಾಸ್ತ್ರಜ್ಞ ವಿಲ್ಲಿ ಹೆನ್ನಿಗ್ 1950ರಲ್ಲಿ ಗಟ್ಟಿ ಮಾಡಿಕೊಟ್ಟ ವರ್ಗೀಕರಣ ನಿಂತಿರುವುದೇ ಇದರ ಮೇಲೆ. ಕನ್ನಡದಲ್ಲಿ ಏನನ್ನೋಣ?

‘ವಂಶ’ ಅನ್ನೋಣವೆಂದರೆ ಪಠ್ಯಪುಸ್ತಕದಲ್ಲಿ ಅದು ಫೈಲಮ್‌ಗೆ, ಅಂದರೆ ಕುಟುಂಬಕ್ಕಿಂತ ಬಹಳ ದೊಡ್ಡ ಗುಂಪಿಗೆ, ಮೀಸಲು. ಕೀಟ, ಜೇಡ, ಏಡಿಗಳಂಥ ಸಂಧಿಪದಿಗಳು ಒಂದು ‘ವಂಶ’ ಎಂದು ಕಲಿತ ಮಗುವಿಗೆ ಚಿಗರಿ-ಆಡುಗಳದೂ ಒಂದು ‘ವಂಶ’ ಅಂದರೆ ಗೊಂದಲ. ಮೇಲಾಗಿ ಇಡೀ ಚಿತ್ರಕ್ಕೆ ‘ವಂಶವೃಕ್ಷ’ ಅನ್ನುತ್ತೇವೆ. ‘ಕವಲು’ ಚೆಂದದ ಪದ, ಆದರೆ ಅದೇ ಪಟದಲ್ಲಿ ಕವಲುಗೊಂಬೂ ಇದೆ. ‘ಬಳಗ’ದಲ್ಲಿ ಬೀಗರೂ ಬರುತ್ತಾರೆ, ಹಾಗಾಗಿ ನನಗೆ ಒಪ್ಪಿಗೆಯಿಲ್ಲ.

ನನ್ನ ಒಲವು ‘ಮನೆತನ’ದ ಕಡೆಗೆ. ನಮ್ಮ ಕಡೆ ಮನೆತನಗಳ ವಂಶಾವಳಿ ಹೇಳುವ ಹೆಳವರು ಬಂದು ಮೂಲಪುರುಷನಿಂದ ಹಿಡಿದು ಯಾರ ಮಕ್ಕಳು ಯಾವ ಊರಿಗೆ ಹೋದರು, ಎಲ್ಲಿ ಮನೆ ಒಡೆಯಿತು ಎಂದು ಓದಿ ಹೇಳುತ್ತಾರೆ. ಬೇರೆ ಊರಿಗೆ ಹೋಗಿ ನೆಲೆಸಿದವನನ್ನು ಲೆಕ್ಕದಿಂದ ಬಿಡುವುದಿಲ್ಲ. ಕ್ಲೇಡಿನ ನಿಯಮವೂ ಅದೇ. ದೊಡ್ಡ ಮನೆತನದೊಳಗೆ ಸಣ್ಣ ಮನೆತನ ಇರುವುದೂ ಸರಿಹೊಂದುತ್ತದೆ: ಮೆಲುಕು ಹಾಕುವವುಗಳ ಮನೆತನದಲ್ಲಿ ಬೋವಿಡೇಯೂ ಇದೆ, ಸರ್ವಿಡೇಯೂ ಇದೆ.

ಒಂದು ವಾಕ್ಯದಲ್ಲಿಟ್ಟು ನೋಡಿದೆ: ‘ಮೊಸಳೆಗೆ ಹಲ್ಲಿಗಿಂತ ಹಕ್ಕಿ ಹತ್ತಿರದ ನಂಟು, ಹಕ್ಕಿಗಳನ್ನು ಹೊರಗಿಟ್ಟರೆ ಸರೀಸೃಪಗಳು ಒಂದು ಮನೆತನವಾಗುವುದಿಲ್ಲ.’ ನನ್ನ ಕಿವಿಗೆ ಇದು ಒಪ್ಪುತ್ತದೆ. ‘ಸರೀಸೃಪ’ ಎಂಬ ಪದವೇ ಹರಿದಾಡುವ ರೀತಿಯಿಂದ ಬಂದದ್ದು, ಅದರಲ್ಲಿ ಹುಟ್ಟಿನ ಸುದ್ದಿಯಿಲ್ಲ.

ಆದರೆ ‘ಕುಟುಂಬ’ವೂ ‘ಮನೆತನ’ವೂ ಅಕ್ಕಪಕ್ಕ ಬಂದಾಗ ಮೈಸೂರು, ಮಂಗಳೂರು ಕಡೆಯ ಓದುಗರಿಗೆ ಎರಡೂ ಒಂದೇ ಅನಿಸಬಹುದೇ? ಜೀವಶಾಸ್ತ್ರ ಪಾಠ ಮಾಡುವವರು ತರಗತಿಯಲ್ಲಿ ಏನು ಬಳಸುತ್ತೀರಿ? ಇನ್ನೊಂದು, ಗದಗ-ಹಾವೇರಿಯ ಕುರಿಗಾರರ ಮಾತಿನಲ್ಲಿ ಚಿಗರಿ, ಆಡು, ಆಕಳಿನಂಥ ಟೊಳ್ಳುಕೊಂಬಿನ (ಎಲುಬಿನ ಮೇಲೆ ಹೊದಿಕೆಯಿರುವ ಕೊಂಬಿನ) ಪ್ರಾಣಿಗಳಿಗೆಲ್ಲ ಸೇರಿ ಒಂದು ಹೆಸರಿದ್ದರೆ ದಯವಿಟ್ಟು ತಿಳಿಸಿ, ಪಟದಲ್ಲಿ ಅದನ್ನೇ ಹಾಕುತ್ತೇನೆ.