ಬೆನ್ನಿನ ಮೊಡವೆ, ತೋಳಿನ ತರಿತರಿ: ಎರಡಕ್ಕೂ ಒಂದೇ ಕ್ರೀಮ್ ಸಾಕಾ?

ಪ್ರಶ್ನೆ

ಎಲ್ಲರಿಗೂ ನಮಸ್ಕಾರ. ಬೆನ್ನಿನ ಮೇಲ್ಭಾಗದಲ್ಲಿ ಮೊಡವೆ ಬರುತ್ತಲೇ ಇವೆ. ಕೆಲವು ಕೀವು ತುಂಬಿ ನೋಯುತ್ತವೆ, ಒಣಗಿದ ಮೇಲೆ ಕಂದು ಕಲೆ ಉಳಿಯುತ್ತದೆ. ಜೊತೆಗೆ ಎರಡೂ ತೋಳಿನ ಹಿಂಭಾಗ ಮುಟ್ಟಿದರೆ ತರಿತರಿ. ಅಲ್ಲಿ ನೋವಿಲ್ಲ, ತುರಿಕೆಯೂ ಇಲ್ಲ. ದಿನಾ ನಾರು ಹಾಕಿ ಉಜ್ಜುತ್ತೇನೆ. ಆ ಹೊತ್ತಿಗೆ ನುಣುಪು ಅನಿಸುತ್ತದೆ, ಮಾರನೇ ದಿನ ಮತ್ತೆ ಕೆಂಪಾಗಿ ಒರಟಾಗಿರುತ್ತದೆ. ತೋಳಿಲ್ಲದ ಬಟ್ಟೆ ಹಾಕಲು ಮನಸ್ಸೇ ಬರುತ್ತಿಲ್ಲ. ಎರಡಕ್ಕೂ ಆಗುವ ಒಂದು ಕ್ರೀಮ್ ಇದ್ದರೆ ಹೇಳಿ.

ಉತ್ತರ 1

ನಾನು ಶೇ. 2ರ ಸ್ಯಾಲಿಸಿಲಿಕ್ ಆಮ್ಲದ ಬಾಡಿ ವಾಶ್ ಬಳಸುತ್ತೇನೆ. ಬೆನ್ನಿಗೆ ಒಳ್ಳೆಯದಾಯಿತು. ತೋಳಿಗೆ ಅಷ್ಟೇನೂ ವ್ಯತ್ಯಾಸ ಕಾಣಲಿಲ್ಲ.

ಉತ್ತರ 2

ಮೊದಲು ಆ ನಾರನ್ನು ಬದಿಗಿಡಿ. ನೀವು ಹೇಳಿದ್ದು ನೋಡಿದರೆ ಇವು ಎರಡು ಬೇರೆ ಬೇರೆ ತೊಂದರೆ. ತೋಳಿನದು ಮೊಡವೆ ಅಲ್ಲ, ಕೆರಟೋಸಿಸ್ ಪಿಲಾರಿಸ್ ಅನಿಸುತ್ತದೆ. ನಮ್ಮಮ್ಮನಿಗಿತ್ತು, ನನಗಿದೆ, ಈಗ ಮಗಳ ತೋಳಲ್ಲೂ ಕಾಣಿಸಿಕೊಂಡಿದೆ. ಮನೆತನದಲ್ಲಿ ಹರಿದು ಬರುವುದು ಜಾಸ್ತಿ. ಚರ್ಮದಲ್ಲಿರುವ ಕೆರಟಿನ್ ಎಂಬ ಗಟ್ಟಿ ಪ್ರೋಟೀನ್ ಕೂದಲಿನ ರಂಧ್ರದ ಬಾಯಲ್ಲಿ ಗಟ್ಟಿಯಾಗಿ ಕೂತುಬಿಡುತ್ತದೆ. ಬೆಳಕಿನಲ್ಲಿ ಹತ್ತಿರದಿಂದ ನೋಡಿ. ಗುಳ್ಳೆಯ ನಡುವೆ ಬಿಳಿ ಚುಕ್ಕೆ, ಕೆಲವದರಲ್ಲಿ ಸುರುಳಿ ಸುತ್ತಿ ಒಳಗೇ ಸಿಕ್ಕಿಕೊಂಡ ಎಳೆ ಕೂದಲು ಕಾಣುತ್ತದೆ. ಇದು ಕೊಳೆಯಲ್ಲ, ಒಬ್ಬರಿಂದ ಒಬ್ಬರಿಗೆ ಅಂಟುವುದೂ ಇಲ್ಲ. ಉಜ್ಜಿದಷ್ಟೂ ಚರ್ಮ ಕೆರಳುತ್ತದೆ ಅಷ್ಟೇ.

ಸುಡುವ ನೀರು ಬೇಡ, ಉಗುರುಬೆಚ್ಚಗಿರಲಿ. ಸ್ನಾನ ಆದಮೇಲೆ ಟವೆಲ್‌ನಿಂದ ಮೆಲ್ಲಗೆ ಒತ್ತಿ, ಮೈ ಇನ್ನೂ ಸ್ವಲ್ಪ ಹಸಿ ಇರುವಾಗಲೇ ಶೇ. 10ರಿಂದ 20 ಯೂರಿಯಾ ಇರುವ ಕ್ರೀಮ್ ಹಚ್ಚಿ. ಶೇ. 12ರ ಲ್ಯಾಕ್ಟಿಕ್ ಆಮ್ಲದ ಲೋಷನ್ ಕೂಡ ಆಗುತ್ತದೆ. ಗೀರಿದ, ಈಗಷ್ಟೇ ಶೇವ್ ಮಾಡಿದ ಕಡೆ ಮಾತ್ರ ಹಚ್ಚಬೇಡಿ, ಉರಿಯುತ್ತದೆ. ಫಲ ಕಾಣಲು ವಾರಗಳೇ ಬೇಕು. ನಿಲ್ಲಿಸಿದರೆ ತರಿ ಮತ್ತೆ ಏಳುತ್ತದೆ, ಒಣ ಹವೆಯಲ್ಲಂತೂ ಬೇಗ. ವಯಸ್ಸು ಹೋದಂತೆ ಎಷ್ಟೋ ಜನರಿಗೆ ತಾನಾಗಿಯೇ ಕಡಿಮೆಯಾಗುತ್ತದೆ. ನನ್ನದೂ ಈಗ ಮುಟ್ಟಿದರಷ್ಟೇ ಗೊತ್ತಾಗುತ್ತದೆ. ತೋಳಿಲ್ಲದ ಬಟ್ಟೆಯನ್ನು ಇವತ್ತೇ ಹಾಕಿಕೊಳ್ಳಿ, ಇದಕ್ಕಾಗಿ ಕಾಯುವಂಥದ್ದೇನಿಲ್ಲ.

ಬೆನ್ನಿಗೆ ಬೆಂಜಾಯ್ಲ್ ಪೆರಾಕ್ಸೈಡ್ ವಾಶ್ ಒಳ್ಳೆಯದು. ಹಚ್ಚಿದ ಕೂಡಲೇ ತೊಳೆಯಬೇಡಿ, 2ರಿಂದ 5 ನಿಮಿಷ ಬಿಡಿ. ಬಟ್ಟೆಯ ಬಣ್ಣ ಹೋಗುತ್ತದೆ, ಬಿಳಿ ಟವೆಲ್ಲೇ ಇಟ್ಟುಕೊಳ್ಳಿ. ತಲೆಗೆ ಕಂಡೀಷನರ್ ಹಾಕುತ್ತೀರಾ? ಅದು ಬೆನ್ನಿಗೆ ಇಳಿದು ರಂಧ್ರ ಕಟ್ಟುತ್ತದೆ. ತಲೆ ತೊಳೆದಾದ ಮೇಲೆ ಕೊನೆಗೆ ಬೆನ್ನು ತೊಳೆಯಿರಿ.

ಪ್ರಶ್ನೆ ಕೇಳಿದವರು

ತುಂಬಾ ಥ್ಯಾಂಕ್ಸ್ ಅಕ್ಕಾ. ಬಿಳಿ ಚುಕ್ಕೆ ಇದೆ, ನೋಡಿದೆ! ಎದೆ ಮೇಲೂ ಸಣ್ಣ ಗುಳ್ಳೆಗಳಿವೆ, ಎಲ್ಲ ಒಂದೇ ಅಳತೆ. ಬೆವರಿದರೆ ತುಂಬಾ ತುರಿಕೆ. ಇದಕ್ಕೂ ಬೆನ್ನಿನ ವಾಶ್ ಆಗುತ್ತದಾ?

ಉತ್ತರ 2

ಒಳ್ಳೆಯದಾಯಿತು ಕೇಳಿದ್ದು. ಮೊಡವೆ ಹಾಗೆ ಒಂದೇ ಅಳತೆಯಲ್ಲಿ ಇರುವುದು ಕಡಿಮೆ, ಅಷ್ಟು ತುರಿಸುವುದೂ ಇಲ್ಲ. ಮಲಾಸೀಜಿಯಾ ಎಂಬ ಶಿಲೀಂಧ್ರದಿಂದ ಬರುವ ಗುಳ್ಳೆ ಇರಬಹುದು. ತಲೆಹೊಟ್ಟಿಗೂ ಇದರ ನಂಟಿದೆ. ಮೊಡವೆ ಅಂದುಕೊಂಡು ಆಂಟಿಬಯಾಟಿಕ್ ನುಂಗಿದರೆ ಜಾಸ್ತಿಯೇ ಆಗುತ್ತದೆ. ಇದಕ್ಕೆ ಶೇ. 2ರ ಕೀಟೋಕೊನಜೋಲ್ ಶಾಂಪೂವನ್ನೇ ಎದೆಗೆ ಹಚ್ಚಿ, ಐದು ನಿಮಿಷ ಬಿಟ್ಟು ತೊಳೆಯಲು ಹೇಳುತ್ತಾರೆ. ಆದರೆ ಒಮ್ಮೆ ಚರ್ಮದ ಡಾಕ್ಟರಿಗೆ ತೋರಿಸಿ ಖಚಿತ ಮಾಡಿಕೊಳ್ಳಿ. ಬೆನ್ನನ್ನೂ ತೋರಿಸಿ, ಕೀವಿನ ಗುಳ್ಳೆ ಆಳವಾದರೆ ಗುಂಡಿ ಉಳಿಯುತ್ತದೆ. ಅಲ್ಲಿಯವರೆಗೆ ಯಾರೋ ಕೊಟ್ಟ ಸ್ಟೀರಾಯ್ಡ್ ಮಿಶ್ರಣದ ಮುಲಾಮು ಮಾತ್ರ ಮುಟ್ಟಬೇಡಿ. ಎರಡು ದಿನ ತಣ್ಣಗಾದಂತೆ ಕಂಡು ಆಮೇಲೆ ಅದರಿಂದಲೇ ಹೊಸ ಗುಳ್ಳೆ ಏಳುತ್ತವೆ.